ಘಾನಾದ ಲೆಗಾನ್‌ನಲ್ಲಿ ಒಂದು ಸೆಮಿಸ್ಟರ್: ಹೋಗಿ ಬಂದವರು ಸ್ವಲ್ಪ ಹೇಳಿ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಈಗ ಜರ್ಮನಿಯಲ್ಲಿ ಎಂ.ಎ. ಓದುತ್ತಿದ್ದೇನೆ. ನಮ್ಮ ಕೋರ್ಸಿನಲ್ಲಿ ಒಂದು ಸೆಮಿಸ್ಟರ್ ಬೇರೆ ದೇಶದಲ್ಲಿ ಓದಬೇಕು. ನನಗೆ ಘಾನಾ ವಿಶ್ವವಿದ್ಯಾಲಯ ಸಿಕ್ಕಿದೆ, ಅಕ್ರಾದ ಲೆಗಾನ್ ಕ್ಯಾಂಪಸ್. ಜನವರಿಯಿಂದ ಮೇವರೆಗೆ. ನಾನು ಸಸ್ಯಾಹಾರಿ, ಮೊಟ್ಟೆ ಪರವಾಗಿಲ್ಲ. ಅಮ್ಮ "ಆಫ್ರಿಕಾನಾ?" ಅಂದವರು ಎರಡು ದಿನದಿಂದ ಸರಿಯಾಗಿ ಮಾತಾಡ್ತಿಲ್ಲ. ಊಟ, ಮಲೇರಿಯಾ, ಪಾಠ, ಇರೋ ಜಾಗ, ಯಾವುದರ ಬಗ್ಗೆ ಆದರೂ ಸರಿ. ಸರ್ಚ್ ಮಾಡಿದರೆ ಸಿಗೋದು ಬೇಡ, ನಿಮಗೆ ಆದದ್ದು ಹೇಳಿ.

ತುಮಕೂರಿನವಳು, 2019ರಲ್ಲಿ ಅಲ್ಲಿದ್ದೆ:
ಮೊದಲು ಊಟದ ವಿಷಯ ಹೇಳಿಬಿಡ್ತೀನಿ, ಯಾಕೆಂದರೆ ನನಗೂ ಅದೇ ಚಿಂತೆ ಇತ್ತು. ಹೋದ ಮೊದಲ ವಾರವೇ ರೂಮ್‌ಮೇಟ್ ನನ್ನನ್ನು ಕ್ಯಾಂಪಸ್ ಒಳಗೇ ಇರುವ ನೈಟ್ ಮಾರ್ಕೆಟ್‌ಗೆ ಕರೆದುಕೊಂಡು ಹೋದಳು. ಅಲ್ಲೊಬ್ಬರು ಅಜ್ಜಿ ಬಟ್ಟಲಿಗೆ ಬಾಂಕು ಹಾಕಿ ಕೊಟ್ಟರು. ಮೆಕ್ಕೆಜೋಳ, ಮರಗೆಣಸಿನ ಹಿಟ್ಟು ಹುಳಿ ಬರಿಸಿ, ಒಲೆ ಮೇಲೆ ಕೋಲಿನಲ್ಲಿ ತಿರುವಿ ಉಂಡೆ ಕಟ್ಟೋದು. ಪಕ್ಕದಲ್ಲಿ ಲೋಳೆ ಲೋಳೆ ಬೆಂಡೆಕಾಯಿ ಸಾರು. ನಾನು ಮೂರು ಬೆರಳಲ್ಲಿ ಮುರಿದು, ಅದ್ದಿ, ಅಗಿಯದೆ ಗುಳುಂ ಅಂತ ನುಂಗಿದೆ. ಅಜ್ಜಿ ಸೌಟು ಹಿಡಿದುಕೊಂಡೇ ನಿಂತುಬಿಟ್ಟರು. "ನಿನಗೆ ಇದನ್ನ ಯಾರು ಕಲಿಸಿದ್ದು?" ನನ್ನ ಎದುರಿಗೆ ಅಮೆರಿಕದ ಹುಡುಗನೊಬ್ಬ ಅದೇ ಬಾಂಕುವನ್ನು ಚೂಯಿಂಗ್ ಗಮ್ ಥರ ಅಗಿಯುತ್ತಾ ಕೂತಿದ್ದ. ನಮ್ಮ ಕಡೆ ಮಕ್ಕಳಿಗೆ ಹಲ್ಲು ಬರೋ ಮೊದಲೇ ಮುದ್ದೆ ನುಂಗೋದು ಬರುತ್ತೆ ಅಂತ ಅವರಿಗೆ ಹೇಗೆ ಹೇಳೋದು! ಆವತ್ತಿನಿಂದ ನನಗೆ ಉಂಡೆ ಒಂದು ಸೈಜು ದೊಡ್ಡದೇ ಬರುತ್ತಿತ್ತು. ಒಂದು ಮಾತು, ನಾನು ಮೀನು ತಿನ್ನುತ್ತೇನೆ. ನಿಮಗೆ ಅಷ್ಟು ಸುಲಭ ಇಲ್ಲ, ಅದನ್ನ ಸಸ್ಯಾಹಾರಿಗಳೇ ಹೇಳಲಿ.

ಎರಡನೆಯದು, ಮೊದಲು ನಮಸ್ಕಾರ, ಆಮೇಲೆ ಮಾತು. ಇದನ್ನ ಯಾರೂ ಹೇಳಿರಲಿಲ್ಲ ನನಗೆ. ಮೊದಲ ದಿನ ಗೇಟಿನ ಹತ್ತಿರ ಒಬ್ಬರನ್ನು "ಬಾಮ್ ಲೈಬ್ರರಿ ಎಲ್ಲಿ?" ಅಂತ ನೇರವಾಗಿ ಕೇಳಿದೆ. ಅವರು ನನ್ನ ಮುಖ ನೋಡಿ ನಿಧಾನಕ್ಕೆ "ಗುಡ್ ಮಾರ್ನಿಂಗ್" ಅಂದರು. ನಾನು ಮತ್ತೆ ಲೈಬ್ರರಿ ಅಂದೆ. ಅವರು ಮತ್ತೆ "ಗುಡ್ ಮಾರ್ನಿಂಗ್". ಮೂರನೇ ಸಲಕ್ಕೆ ತಲೆಗೆ ಹೋಯಿತು. ನಾನೂ ಗುಡ್ ಮಾರ್ನಿಂಗ್ ಅಂದೆ, ಹೇಗಿದ್ದೀರಿ ಅಂದೆ. ಆಮೇಲೆ ಅವರು ತಮ್ಮ ಕೆಲಸ ಬಿಟ್ಟು ಲೈಬ್ರರಿ ಬಾಗಿಲವರೆಗೂ ಬಂದು ಬಿಟ್ಟು ಹೋದರು. ಟ್ವಿ ಭಾಷೆಯಲ್ಲಿ "ಎತೆ ಸೇನ್?" ಅಂದರೆ ಹೇಗಿದ್ದೀರಿ, "ಮೆದಾಸೆ" ಅಂದರೆ ಥ್ಯಾಂಕ್ಸ್. ಈ ಎರಡು ಕಲಿತರೆ ಮಾರ್ಕೆಟ್ಟಿನಲ್ಲಿ ರೇಟೇ ಬೇರೆ. ಎಡಗೈಯಲ್ಲಿ ದುಡ್ಡು ಕೊಡಬೇಡಿ, ಎಡಗೈ ಬೀಸಿ ಯಾರನ್ನೂ ಕರೀಬೇಡಿ. ಇದು ನಮಗೆ ಹೇಳಿಕೊಡಬೇಕಾದ ವಿಷಯ ಅಲ್ಲ, ಆದರೆ ಯೂರೋಪಿನಲ್ಲಿ ಇದ್ದು ಇದ್ದು ಮರೆತಿರ್ತೀರಿ.

ಇನ್ನೊಂದು ಮಜಾ. ಅಲ್ಲಿ ಹೊರಡುವಾಗ "ಐ ಆಮ್ ಕಮಿಂಗ್" ಅಂತಾರೆ. ಇಂಗ್ಲೆಂಡಿನಿಂದ ಬಂದಿದ್ದ ಹುಡುಗಿ, ಬರ್ತೀನಿ ಅಂದವರು ಯಾಕೆ ಬಾಗಿಲ ಕಡೆ ಹೋಗ್ತಿದ್ದಾರೆ ಅಂತ ತಲೆ ಕೆಡಿಸಿಕೊಂಡಿದ್ದಳು. ನನಗೆ ಏನೂ ಅನಿಸಲೇ ಇಲ್ಲ. ನಮ್ಮ ಮನೆಯಲ್ಲಿ "ಹೋಗ್ತೀನಿ" ಅಂದರೆ ಅಜ್ಜಿ ಬೈಯ್ಯೋರು, "ಬರ್ತೀನಿ ಅನ್ನು" ಅಂತ. ಹಾಗೇ ಯಾರಾದರೂ ಊಟ ಮಾಡ್ತಿರುವಾಗ ನೀವು ಆ ಕಡೆ ಹೋದರೆ "ಯು ಆರ್ ಇನ್ವೈಟೆಡ್" ಅಂತಾರೆ. ಬನ್ನಿ ಊಟ ಮಾಡೋಣ ಅಂತ ಅಷ್ಟೇ. ಸುಮ್ನೆ ಥ್ಯಾಂಕ್ಸ್ ಹೇಳಿ ಮುಂದೆ ಹೋಗಿ, ತಟ್ಟೆ ಎಳ್ಕೊಂಡು ಕೂರಬೇಡಿ (ನಾನು ಒಂದು ಸಲ ಕೂತಿದ್ದೀನಿ).

ಅರ್ಜಿಯಲ್ಲಿ ರೂಮ್ ಯಾವ ಥರ ಬೇಕು ಅಂತ ಕೇಳಿದರೆ ಅಲ್ಲಿನ ವಿದ್ಯಾರ್ಥಿನಿ ಜೊತೆ ಅಂತಲೇ ಬರೆಯಿರಿ. ನನಗೆ ಗೊತ್ತಾದದ್ದೆಲ್ಲ ರೂಮ್‌ಮೇಟ್‌ನಿಂದಲೇ.

ಉಡುಪಿ ಕಡೆಯವನು, ಶುದ್ಧ ಸಸ್ಯಾಹಾರಿ, ಬದುಕಿ ಬಂದಿದ್ದೇನೆ:
ಅಕ್ಕ ಹೇಳಿದ್ದು ಸರಿ, ಆದರೆ ಸಸ್ಯಾಹಾರಿಗಳಿಗೆ ಬೇರೆ ಕಥೆ. "ನೋ ಮೀಟ್" ಅಂದರೆ ಮಾಂಸದ ತುಂಡು ಪಕ್ಕಕ್ಕೆ ತಳ್ಳಿ ಅದೇ ಸಾರು ಹಾಕುತ್ತಾರೆ. ಮೀನು ಅವರ ಲೆಕ್ಕದಲ್ಲಿ ಮಾಂಸ ಅಲ್ಲ. ಶಿಟೊ ಅಂತ ಒಂದು ಕಪ್ಪು ಖಾರ ಎಲ್ಲದರ ಜೊತೆಗೂ ಕೊಡ್ತಾರೆ, ನೋಡೋಕೆ ನಮ್ಮ ಉಪ್ಪಿನಕಾಯಿ ಮಸಾಲೆ ಥರ. ನಾನು ಮೂರು ದಿನ ಚಪ್ಪರಿಸಿಕೊಂಡು ತಿಂದೆ. ನಾಲ್ಕನೇ ದಿನ ಅದರಲ್ಲಿ ಒಣಮೀನು, ಸಿಗಡಿ ಇರುತ್ತೆ ಅಂತ ಗೊತ್ತಾಯಿತು. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಏನು ತಿನ್ನಬಹುದು? ಬೆಳಿಗ್ಗೆ ಹೌಸಾ ಕೊಕೊ ಮತ್ತು ಕೋಸೆ ಹುಡುಕಿ. ಕೊಕೊ ಅಂದರೆ ಸಜ್ಜೆ ಗಂಜಿ, ಶುಂಠಿ ಲವಂಗ ಹಾಕಿದ್ದು. ಕೋಸೆ ಅಂದರೆ ಅಲಸಂದೆ ಕಾಳು ರುಬ್ಬಿ ಕರಿದ ವಡೆ. ಬೇರೆ ಏನೂ ಹೇಳೋದು ಬೇಕಾ? ಮಧ್ಯಾಹ್ನ ವಾಚೆ, ಅಂದರೆ ಅಲಸಂದೆ ಜೊತೆ ಬೇಯಿಸಿದ ಕೆಂಪಗಿನ ಅನ್ನ. ಜೋಳದ ಗಿಡದ ಎಲೆ ಹಾಕಿ ಬೇಯಿಸೋದರಿಂದ ಆ ಬಣ್ಣ. ಶಿಟೊ ಬೇಡ, ಸ್ಟ್ಯೂ ಬೇಡ, ಮೊಟ್ಟೆ ಇರಲಿ ಅಂತ ಹೇಳಿ. ಸಂಜೆ ಕೆಲೆವೆಲೆ, ಮಾಗಿದ ಬಾಳೆಕಾಯಿಯನ್ನು ಶುಂಠಿ ಖಾರ ಹಾಕಿ ಕರಿದದ್ದು. ರೆಡ್ ರೆಡ್ ಅಂತ ಇನ್ನೊಂದಿದೆ, ತಾಳೆಎಣ್ಣೆಯಲ್ಲಿ ಮಾಡಿದ ಕಾಳಿನ ಗೊಜ್ಜು, ಅದರಲ್ಲೂ ಮೀನು ಇದೆಯಾ ಅಂತ ಪ್ರತಿ ಸಲ ಕೇಳಲೇಬೇಕು. ಕೊಂಟೊಮಿರೆ ಅಂದರೆ ನಮ್ಮ ಕೆಸುವಿನ ಜಾತಿಯ ಸೊಪ್ಪು. ಕ್ಯಾಂಪಸ್ ಹತ್ತಿರದ ಮದೀನಾ ಮಾರ್ಕೆಟ್ಟಿನಲ್ಲಿ ಅದರ ಕಟ್ಟು ನೋಡಿದ ದಿನ ಪತ್ರೊಡೆ ನೆನಪಾಗಿ ಕಣ್ಣಲ್ಲಿ ನೀರೇ ಬಂತು. ಅಂಗಡಿಯಲ್ಲಿ ಮಾಡಿದ್ದಕ್ಕೆ ಮೀನು ಬಿದ್ದಿರುತ್ತೆ. ಕೊಂಡು ತಂದು ಹಾಸ್ಟೆಲ್ ಅಡುಗೆಮನೆಯಲ್ಲಿ ನಾವೇ ಮಾಡಿಕೊಳ್ಳಬೇಕು.

ತಿಂಗಳ ಕೊನೆಗೆ ದುಡ್ಡು ಖಾಲಿಯಾದಾಗ ಅಲ್ಲಿನ ಹುಡುಗರು ಗಾರಿ ನೆನೆಸಿ ತಿನ್ನುತ್ತಾರೆ. ಮರಗೆಣಸಿನ ಒಣ ತರಿ ಅದು, ರವೆ ಥರ. ತಣ್ಣೀರು, ಸಕ್ಕರೆ, ಹಾಲಿನ ಪುಡಿ, ಮೇಲೆ ಒಂದು ಹಿಡಿ ಕಡಲೆಕಾಯಿ. ನಮ್ಮ ಹಾಲು ಅವಲಕ್ಕಿಯೇ ಅನ್ನಿ. ಒಂದು ಡಬ್ಬಿ ರೂಮಿನಲ್ಲಿ ಇಟ್ಟುಕೊಂಡಿರಿ.

ಬೆಂಗಳೂರಿನವನು:
ಹಳದಿ ಜ್ವರದ ಲಸಿಕೆ ಕಾರ್ಡ್. ಇದೊಂದು ಮಾತ್ರ ತಮಾಷೆ ಅಲ್ಲ. ಘಾನಾಕ್ಕೆ ಹೋಗೋಕೂ ಬೇಕು, ಅಲ್ಲಿಂದ ನೇರ ಇಂಡಿಯಾಕ್ಕೆ ಬರೋಕೂ ಬೇಕು. ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು, ಇಲ್ಲದಿದ್ದರೆ ಕಾರ್ಡ್ ಇದ್ದೂ ಲೆಕ್ಕಕ್ಕಿಲ್ಲ. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತೆ, 2016ರಿಂದ ನಿಯಮ ಹಾಗೆ. ಕಾರ್ಡ್ ಇಲ್ಲದೆ ಇಂಡಿಯಾದಲ್ಲಿ ಇಳಿದರೆ 6 ದಿನದವರೆಗೂ ಬೇರೆ ಇಡಬಹುದು. ನಾನು ಅಡಿಸ್ ಅಬಾಬಾ ಮೇಲೆ ಬೆಂಗಳೂರಿಗೆ ಬಂದೆ, ಕಾರ್ಡನ್ನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿದ್ದೆ. ಸೂಟ್‌ಕೇಸ್ ಬರೋದು ಆರೋಗ್ಯ ತಪಾಸಣೆ ಕೌಂಟರ್ ದಾಟಿದ ಮೇಲೆ! ಪುಣ್ಯಕ್ಕೆ ಮೊಬೈಲಿನಲ್ಲಿ ಫೋಟೋ ಇತ್ತು. ಅದನ್ನ ತೋರಿಸಿ, ಬೇಡಿಕೊಂಡು, ಜೊತೆಗೊಬ್ಬರನ್ನ ಕಳಿಸಿ ಸೂಟ್‌ಕೇಸ್ ತೆಗೆಸಿದರು. ತಪ್ಪು ನನ್ನದೇ. ಕೈಚೀಲದಲ್ಲಿ ಪಾಸ್‌ಪೋರ್ಟ್ ಜೊತೆಗೇ ಇಡಿ.

ಧಾರವಾಡದಾಂವ, 2022ರಾಗ ಹೋಗಿದ್ದೆ:
ಪಾಠದ ಬಗ್ಗೆ ನಾನು ಹೇಳ್ತೀನಿ. ಜರ್ಮನಿಯ ಹಾಗೆ ಸೆಮಿನಾರ್, ಚರ್ಚೆ ಅಂತ ಲೆಕ್ಕ ಹಾಕಿಕೊಂಡು ಹೋಗಬೇಡಿ. ದೊಡ್ಡ ಹಾಲ್, ತುಂಬಾ ಜನ, ಮುಂಚೆ ಹೋದವರಿಗೆ ಕುರ್ಚಿ. ನಾನಿದ್ದಾಗ ಕೊನೆಯ ಪರೀಕ್ಷೆಗೇ 70 ಅಂಕ, ಮಧ್ಯದ್ದಕ್ಕೆ 30. ಅಂದರೆ ನಮ್ಮ ಕರ್ನಾಟಕದ ಡಿಗ್ರಿ ಇದ್ದಂಗೇ, ಅದರಲ್ಲಿ ಬೆಳೆದವರಿಗೆ ಏನೂ ಹೊಸದಲ್ಲ. ಹೋದ ದಿನವೇ ಪಠ್ಯಕ್ರಮದ ಹಾಳೆ ಸಹಿ ಮಾಡಿಸಿ ನಿಮ್ಮ ಜರ್ಮನಿಯವರಿಗೆ ಕಳಿಸಿಬಿಡಿ. ಕ್ರೆಡಿಟ್ ಹೊಂದಿಸುವಾಗ ಅದೇ ಕೇಳ್ತಾರೆ.

ಆಫ್ರಿಕನ್ ಅಧ್ಯಯನ ಸಂಸ್ಥೆಯ ಒಂದಾದರೂ ಕೋರ್ಸ್ ತಗೊಳ್ಳಿ. ಘಾನಾದ ಮೊದಲ ಅಧ್ಯಕ್ಷ ಎನ್‌ಕ್ರುಮಾ ಅವರೇ 1963ರಲ್ಲಿ ಉದ್ಘಾಟನೆ ಮಾಡಿದ ಸಂಸ್ಥೆ ಅದು. ವಿಶ್ವವಿದ್ಯಾಲಯ 1948ರಲ್ಲಿ ಶುರುವಾದಾಗ ಲಂಡನ್ನಿನ ನೆರಳಿನಲ್ಲಿತ್ತು, ಅದನ್ನ ತಮ್ಮದು ಮಾಡಿಕೊಳ್ಳೋದು ಹೇಗೆ ಅಂತ ಅವರು ಪಟ್ಟ ಪಾಡು ಅಲ್ಲಿ ಕೂತು ಕೇಳಿದರೆ, ಇಂಗ್ಲಿಷ್ ಮೀಡಿಯಂ ಕನ್ನಡ ಮೀಡಿಯಂ ಅಂತ ನಾವು ಮಾಡೋ ಜಗಳವೇ ಬೇರೆ ಥರ ಕಾಣುತ್ತೆ.

ಇನ್ನು ಮುಷ್ಕರ. ನಾನು ಹೋದ ವರ್ಷ ಜನವರಿ 10ಕ್ಕೆ ಇಡೀ ದೇಶದ ಅಧ್ಯಾಪಕರ ಸಂಘ ಸಂಬಳದ ವಿಷಯಕ್ಕೆ ಕೆಲಸ ನಿಲ್ಲಿಸಿತು, ಹೆಚ್ಚೂಕಮ್ಮಿ ಆರು ವಾರ. ಮೊದಲ ವಾರ ನಾನು ರೂಮಿನಲ್ಲಿ ಕೂತು ವೀಸಾ, ಕ್ರೆಡಿಟ್, ಟಿಕೆಟ್ ಅಂತ ಒದ್ದಾಡಿದೆ. ಎರಡನೇ ವಾರ ಪಕ್ಕದ ರೂಮಿನವನು "ಚಾಲೆ (ಅಂದರೆ ಗೆಳೆಯಾ), ಏಳು" ಅಂತ ಎಬ್ಬಿಸಿ ತನ್ನ ಊರು ಕುಮಾಸಿಗೆ ಕರಕೊಂಡು ಹೋದ. ಹತ್ತು ದಿನ ಅವರ ಮನೆಯಲ್ಲೇ ಇದ್ದೆ. ಒಂದು ಶನಿವಾರ ಅವರ ಸಂಬಂಧಿಕರ ಶವಸಂಸ್ಕಾರಕ್ಕೂ ಹೋದೆ. ಎಲ್ಲರೂ ಕೆಂಪು ಕಪ್ಪು ಬಟ್ಟೆ, ಪೆಂಡಾಲು, ಸ್ಪೀಕರು, ನೂರಾರು ಕುರ್ಚಿ, ಯಾರು ಎಷ್ಟು ದುಡ್ಡು ಕೊಟ್ಟರು ಅಂತ ಮೈಕಿನಲ್ಲಿ ಕೂಗೋದು. ನಮ್ಮ ಮದುವೆ ಮುಯ್ಯಿ ನೋಡಿದ್ದೆ, ಸಾವಿನ ಮುಯ್ಯಿ ನೋಡಿದ್ದು ಅವತ್ತೇ. ವಾಪಸ್ ಟಿಕೆಟ್ ಮಾತ್ರ ದಿನಾಂಕ ಬದಲಾಯಿಸೋಕೆ ಆಗೋದನ್ನೇ ತಗೊಳ್ಳಿ.

ಅಂದ ಹಾಗೆ, ಗಾಂಧಿ ಬಗ್ಗೆ ನಿಮ್ಮನ್ನ ಕೇಳೇ ಕೇಳ್ತಾರೆ. 2016ರಲ್ಲಿ ಪ್ರಣಬ್ ಮುಖರ್ಜಿ ಕ್ಯಾಂಪಸ್ಸಿನಲ್ಲಿ ಪ್ರತಿಮೆ ಅನಾವರಣ ಮಾಡಿದ್ದರು. ದಕ್ಷಿಣ ಆಫ್ರಿಕಾದಲ್ಲಿದ್ದಾಗ ಗಾಂಧಿ ಕಪ್ಪು ಜನರ ಬಗ್ಗೆ ಬರೆದದ್ದನ್ನು ತೋರಿಸಿ ಅಧ್ಯಾಪಕರು ಮನವಿ ಕೊಟ್ಟರು, 2018ರ ಡಿಸೆಂಬರಿನಲ್ಲಿ ಪ್ರತಿಮೆ ತೆಗೆದರು. ಏನೂ ಓದದೆ ಹೋಗಿ ವಾದಕ್ಕೆ ಇಳೀಬೇಡಿ. ನಾನು ಇಳಿದು ಸೋತಿದ್ದೇನೆ.

ಹೆಸರು ಬೇಡ:
ಎಲ್ಲರೂ ಚೆನ್ನಾಗಿತ್ತು ಅಂತಿದ್ದಾರೆ, ನನ್ನದೂ ಕೇಳಿ. ನನಗೆ ಅಷ್ಟು ಚೆನ್ನಾಗಿರಲಿಲ್ಲ. ನಾನು ವಿದೇಶಿಯರ ಹಾಸ್ಟೆಲ್‌ನಲ್ಲೇ ಇದ್ದೆ, ವಿದೇಶಿಯರ ಜೊತೆಗೇ ಓಡಾಡಿದೆ, ಪ್ರತಿ ವಾರ ಅಕ್ರಾದ ಓಸು ಬಡಾವಣೆಗೆ ಹೋಗಿ ಪಿಜ್ಜಾ ತಿಂದೆ. ಬೀದಿಯಲ್ಲಿ "ಒಬ್ರೊನಿ, ಒಬ್ರೊನಿ" ಅಂತ ಮಕ್ಕಳು ಕೂಗುತ್ತಿದ್ದರು. ಬಿಳಿಯರಿಗೆ ಹೇಳೋ ಪದ ಅದು, ನಮಗೂ ಅದೇ! ಮೊದಲು ನಗು ಬಂತು, ಆಮೇಲೆ ಕಿರಿಕಿರಿ. ಕರೆಂಟ್ ಹೋಗೋದು, ಅದಕ್ಕೆ ಅಲ್ಲಿ ದುಮ್ಸೋರ್ ಅಂತ ಹೆಸರೇ ಇದೆ. ನೀರು ನಿಂತರೆ ಬಕೆಟ್ ಹಿಡಿದು ಟ್ಯಾಂಕಿನ ಹತ್ತಿರ ಕ್ಯೂ. ಬೆಂಗಳೂರಿನಲ್ಲಿ ಇದೇ ನೀರಿಗೆ ಇದೇ ಕರೆಂಟಿಗೆ ಗೊಣಗದೆ ಇದ್ದವಳು ಅಲ್ಲಿ ಯಾಕೆ ಅಷ್ಟು ಗೊಣಗಿದೆ ಅಂತ ಈಗ ಯೋಚನೆ ಬರುತ್ತೆ.

ಮಲೇರಿಯಾ ಮಾತ್ರೆ ಕೂಡ ಒಂದು ತಿಂಗಳಿಗೆ ನಿಲ್ಲಿಸಿದೆ, ಎಲ್ಲರೂ ನಿಲ್ಲಿಸ್ತಾರೆ ಅಂತ. ಆರನೇ ವಾರ ಚಳಿ ಜ್ವರ. ಹಾಸಿಗೆ ಅಲುಗಾಡೋ ಅಷ್ಟು ನಡುಕ. ಅಲ್ಲಿ ಇರೋದು ಹೆಚ್ಚಾಗಿ ಫಾಲ್ಸಿಪ್ಯಾರಂ, ಅಪಾಯದ ಜಾತಿ. ಅವತ್ತೇ ರಕ್ತ ಪರೀಕ್ಷೆ ಆಯಿತು, ಮೂರು ದಿನದ ಮಾತ್ರೆಯಲ್ಲಿ ಸರಿಹೋಯಿತು. ನಿಮ್ಮ ಡಾಕ್ಟರ್ ಯಾವ ಮಾತ್ರೆ ಕೊಡ್ತಾರೋ ಅದನ್ನ ಅಲ್ಲಿಂದ ಬಂದ ಮೇಲೂ ಅವರು ಹೇಳಿದಷ್ಟು ದಿನ ನುಂಗಿ. ವಾಪಸ್ ಬಂದ ಮೇಲೆ ಜ್ವರ ಬಂದರೆ "ಘಾನಾದಲ್ಲಿದ್ದೆ" ಅನ್ನೋದೇ ಮೊದಲ ಮಾತಾಗಿರಲಿ.

ಅಕ್ರಾ ಹತ್ತಿರ ತೇಮಾದಲ್ಲಿ ಕೆಲಸ ಮಾಡ್ತಿರೋ ಹಾಸನದವರು:
ತಂಗಿ, ಅಮ್ಮನಿಗೆ ಹೇಳಿ, ಇಲ್ಲಿ ನಮ್ಮವರು ಇದ್ದೇವೆ. ಸಿಂಧಿ ವ್ಯಾಪಾರಿಗಳು ನಮ್ಮ ತಾತಂದಿರ ಕಾಲದಿಂದಲೂ ಇದ್ದಾರೆ. ಬೇಳೆ, ಮಸಾಲೆ, ಗೋಧಿಹಿಟ್ಟು ಎಲ್ಲಾ ಅಕ್ರಾದಲ್ಲಿ ಸಿಗುತ್ತೆ. ಅಕ್ರಾದಲ್ಲಿ ಒಂದು ಹಿಂದೂ ಮಠ ಇದೆ, ಶುರು ಮಾಡಿದವರು ಘಾನಾದವರೇ ಆದ ಸ್ವಾಮಿ ಘನಾನಂದ ಸರಸ್ವತಿ, 1975ರಲ್ಲಿ. ಅವರು 2016ರಲ್ಲಿ ತೀರಿಕೊಂಡರು. ಭಜನೆಗೆ ಕೂರೋರಲ್ಲಿ ಬಹಳಷ್ಟು ಜನ ಇಲ್ಲಿಯವರೇ. ನಮ್ಮ ಮನೆಯವಳು ಮೊದಲ ಸಲ ನೋಡಿ ಬಾಯಿ ಬಿಟ್ಟುಕೊಂಡು ನಿಂತಿದ್ದಳು.

ಓಡಾಟಕ್ಕೆ ಟ್ರೋಟ್ರೋ, ನಮ್ಮ ಟೆಂಪೋ ಥರ. ಕಂಡಕ್ಟರನಿಗೆ ಮೇಟ್ ಅಂತಾರೆ, ಅವನು ಬಾಗಿಲಲ್ಲಿ ನೇತಾಡಿಕೊಂಡು "ಸರ್ಕ್ ಸರ್ಕ್ ಸರ್ಕ್" ಅಂತ ಕೂಗಿದರೆ ಎನ್‌ಕ್ರುಮಾ ಸರ್ಕಲ್ಲಿಗೆ ಹೋಗುತ್ತೆ ಅಂತ. ರಾತ್ರಿ ಮಾತ್ರ ಆ್ಯಪ್‌ನಲ್ಲಿ ಕಾರು ಕರೆಸಿ, ಒಬ್ಬರೇ ಬೀಚ್ ಕಡೆ ಹೋಗಬೇಡಿ. ದುಡ್ಡಿನ ಬಗ್ಗೆ ಹಳೇ ರೇಟು ನಂಬಬೇಡಿ. 2019ರಲ್ಲಿ ಡಾಲರಿಗೆ 5 ಸೆಡಿ (ಇಲ್ಲಿನ ದುಡ್ಡು) ಆಸುಪಾಸು ಇತ್ತು, 2022ರ ಅಕ್ಟೋಬರಿನಲ್ಲಿ 10 ದಾಟಿಬಿಟ್ಟಿತ್ತು. ನೀವು ಬರೋದು ಜನವರಿ, ಸಹಾರಾ ಕಡೆಯಿಂದ ಹರ್ಮಟಾನ್ ಗಾಳಿ ಬೀಸೋ ಕಾಲ. ತುಟಿ ಒಡೆಯುತ್ತೆ, ಧೂಳು ಬೀಳುತ್ತೆ. ಕೊಬ್ಬರಿ ಎಣ್ಣೆ ತನ್ನಿ.

ಪ್ರಶ್ನೆ ಕೇಳಿದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಮುದ್ದೆ ಕಥೆ, ಮಠದ ಕಥೆ ಎರಡೂ ಓದಿ ಹೇಳಿದೆ. ಇನ್ನೂ ಒಪ್ಪಿಲ್ಲ, ಆದರೆ "ರಾಗಿ ಹಿಟ್ಟು ಎಷ್ಟು ಕೆಜಿ ಬಿಡ್ತಾರೆ ವಿಮಾನದಲ್ಲಿ?" ಅಂತ ಕೇಳಿದರು.

ತುಮಕೂರಿನವಳು:
ಎರಡು ಕೆಜಿ ಸಾಕು ಅನ್ನಿ, ಉಳಿದ ಜಾಗಕ್ಕೆ ಸೊಳ್ಳೆ ಪರದೆ ಹಾಕಿ. ಹಾಗೇ ನೀವು ಹುಟ್ಟಿದ ವಾರ ಯಾವುದು ಅಂತಲೂ ಕೇಳಿಟ್ಟುಕೊಳ್ಳಿ. ಅಲ್ಲಿ ಹುಟ್ಟಿದ ವಾರದ ಮೇಲೆ ಹೆಸರಿಡ್ತಾರೆ, ನಿಮಗೂ ಒಂದು ಕೊಡ್ತಾರೆ. ನಾನು ಶುಕ್ರವಾರ, ಅಫುವಾ. ಬೇರೆ ದೇಶದವರು ಪಾಪ ಕ್ಯಾಲೆಂಡರ್ ಹುಡುಕ್ತಾ ಕೂತಿದ್ದರು. ನಮ್ಮಮ್ಮ ಫೋನಿನಲ್ಲೇ ವಾರ, ನಕ್ಷತ್ರ, ಪಾದ ಎಲ್ಲಾ ಹೇಳಿದರು.

ಪ್ರಶ್ನೆ ಕೇಳಿದವಳು:
ಕೇಳಿದೆ. ಮಂಗಳವಾರವಂತೆ, ಬೆಳಗಿನ ಜಾವ. "ಯಾಕೆ, ಯಾರಾದರೂ ಜಾತಕ ಕೇಳಿದ್ರಾ?" ಅಂದರು ಅಮ್ಮ, ಎರಡು ದಿನದಲ್ಲಿ ಮೊದಲ ಸಲ ಖುಷಿಯಾಗಿ.

ತುಮಕೂರಿನವಳು:
ಹಾಗಾದರೆ ನೀವು ಅಬೆನಾ. ಜಾತಕದ ವಿಷಯ ನೀವೇ ಸಂಭಾಳಿಸಿಕೊಳ್ಳಿ.