ಇಂಡಿಕಾರ್ ನಾಸ್ಕಾರ್‌ಗಿಂತ ಹಿಂದೆ ಬಿದ್ದಿದ್ದು ಯಾಕೆ?

ಪ್ರಶ್ನೆ: ಇಂಡಿಯಾನಾಪೊಲಿಸ್ 500ರಂಥ ರೇಸ್ ಇದ್ದೂ ಅಮೆರಿಕದಲ್ಲಿ ಇಂಡಿಕಾರ್‌ನಂಥ ಓಪನ್ ವೀಲ್ (ಚಕ್ರಗಳು ಹೊರಗೇ ಇರುವ ಕಾರುಗಳ) ರೇಸಿಂಗ್, ನಾಸ್ಕಾರ್‌ನ ಸ್ಟಾಕ್ ಕಾರ್ (ಮಾಮೂಲಿ ಕಾರಿನಂತೆ ಕಾಣುವ ಕಾರುಗಳ) ರೇಸಿಂಗ್ ಮುಂದೆ ಮಂಕಾಗಿದ್ದು ಹೇಗೆ? ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ.

ಉತ್ತರ 1: 1996ರ ಒಡಕೇ ಮೂಲ. ಇಂಡಿಯಾನಾಪೊಲಿಸ್ ಟ್ರ್ಯಾಕಿನ ಮುಖ್ಯಸ್ಥ ಟೋನಿ ಜಾರ್ಜ್ ಐಆರ್‌ಎಲ್ (ಇಂಡಿ ರೇಸಿಂಗ್ ಲೀಗ್) ಅನ್ನೋ ಹೊಸ ಸರಣಿ ಕಟ್ಟಿ, 500ರ 33 ಸ್ಥಾನಗಳಲ್ಲಿ 25ನ್ನು ತಮ್ಮ ಸರಣಿಯವರಿಗೇ ಮೀಸಲಿಟ್ಟರು. ಅಲ್ಲಿಯವರೆಗಿನ ಮುಖ್ಯ ಓಪನ್ ವೀಲ್ ಸರಣಿಯಾದ ಕಾರ್ಟ್‌ನ ತಂಡಗಳು ಅದೇ ದಿನ ಮಿಶಿಗನ್‌ನಲ್ಲಿ ಬೇರೆ ರೇಸ್ ನಡೆಸಿದವು. ಹೆಸರಾಂತ ಚಾಲಕರು ಒಂದು ಕಡೆ, ದೊಡ್ಡ ರೇಸ್ ಇನ್ನೊಂದು ಕಡೆ! ಎರಡೂ ಸರಣಿಗಳು ಮತ್ತೆ ಒಂದಾಗಿದ್ದು 2008ರಲ್ಲಿ.

ಉತ್ತರ 2: ಅದಕ್ಕೂ ಮುಂಚೆ, 1994ರಲ್ಲೇ, ಬ್ರಿಕ್‌ಯಾರ್ಡ್ 400 ಅನ್ನೋ ರೇಸ್ ಮೂಲಕ ನಾಸ್ಕಾರ್ ಇಂಡಿಯಾನಾಪೊಲಿಸ್ ಟ್ರ್ಯಾಕಿಗೇ ಕಾಲಿಟ್ಟಿತ್ತು.

ಉತ್ತರ 3: ಕಾರಿನ ಸ್ವಭಾವವನ್ನೂ ಮರೀಬೇಡಿ. ಸ್ಟಾಕ್ ಕಾರುಗಳು ಬಾಗಿಲಿಗೆ ಬಾಗಿಲು ಉಜ್ಜಿಕೊಂಡೂ ಓಡುತ್ತವೆ. ಓಪನ್ ವೀಲ್‌ನಲ್ಲಿ ಮುಂದಿನ ಚಕ್ರ ಇನ್ನೊಬ್ಬರ ಹಿಂದಿನ ಚಕ್ರ ಹತ್ತಿದರೆ ಸಾಕು, ತಿರುಗುವ ಟೈರೇ ಕಾರನ್ನು ಗಾಳಿಗೆ ಎಸೆಯುತ್ತೆ.