ವಿಲ್ಲಿ ನೆಲ್ಸನ್ ಅವರ ‘ರೆಡ್ ಹೆಡೆಡ್ ಸ್ಟ್ರೇಂಜರ್’: ಇಷ್ಟು ಸರಳವಾದ ಆಲ್ಬಮ್ ಇಷ್ಟೊಂದು ಮನ್ನಣೆ ಪಡೆದದ್ದು ಹೇಗೆ?

ಪ್ರಶ್ನೆ (ಧಾರವಾಡದಿಂದ)

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಹಿಂದೂಸ್ತಾನಿ ಸಂಗೀತ ಕೇಳುತ್ತ ಬೆಳೆದ ನನಗೆ ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ ಪರಿಚಯವಾದದ್ದು ಇತ್ತೀಚೆಗೆ. ವಿಲ್ಲಿ ನೆಲ್ಸನ್ ಅವರು 1975ರಲ್ಲಿ ಹೊರತಂದ ಈ ಆಲ್ಬಮ್ಮನ್ನು ಮೊದಲ ಸಲ ಕೇಳಿದ ಕೊಲಂಬಿಯಾ ಎಂಬ ಧ್ವನಿಮುದ್ರಣ ಕಂಪನಿಯ ಅಧಿಕಾರಿಗಳು, ಇದು ಮುಗಿದ ಕೆಲಸವಲ್ಲ, ಬರೀ ಡೆಮೊ (ಕಚ್ಚಾ ಮಾದರಿ) ಎಂದು ಭಾವಿಸಿದ್ದರಂತೆ. ಅದೇ ಆಲ್ಬಮ್ ಮುಂದೆ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಒಂದು ಗಿಟಾರು, ಒಂದು ಪಿಯಾನೊ, ಆಗೊಮ್ಮೆ ಈಗೊಮ್ಮೆ ಮೌತ್ ಆರ್ಗನ್. ಒಂದೇ ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಗ್ರಾಮಫೋನ್ ತಟ್ಟೆಯ ಎರಡನೆಯ ಬದಿಯಲ್ಲಂತೂ ಸಾಹಿತ್ಯವೇ ಇಲ್ಲದ ತುಣುಕುಗಳಿವೆ. ಅಧಿಕಾರಿಗಳಿಗೆ ಕಾಣದ ಯಾವ ಗುಣ ಇದರಲ್ಲಿ ಕೇಳುಗರಿಗೆ ಕಂಡಿತು? ಬಲ್ಲವರು ವಿವರಿಸಬೇಕೆಂದು ವಿನಂತಿ.

ಉತ್ತರ 1 (ಹುಬ್ಬಳ್ಳಿಯಿಂದ)

ಸರ್, ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ನಗರದ ಆ ಕಾಲದ ರೂಢಿಯನ್ನು ಮೊದಲು ನೋಡಬೇಕು. ಹಾಡುಗಾರನ ದನಿಯ ಹಿಂದೆ ಪಿಟೀಲುಗಳ ದೊಡ್ಡ ತಂಡವನ್ನೂ ಕೋರಸ್ಸನ್ನೂ ಸೇರಿಸಿ, ಎಲ್ಲವನ್ನೂ ನುಣುಪುಗೊಳಿಸಿ ಮಾರುಕಟ್ಟೆಗೆ ಬಿಡುವುದು ಅಲ್ಲಿನ ಕಂಪನಿಗಳ ಪದ್ಧತಿಯಾಗಿತ್ತು. 1961ರಲ್ಲಿ ಗಾಯಕಿ ಪ್ಯಾಟ್ಸಿ ಕ್ಲೈನ್ ಹಾಡಿದ ‘ಕ್ರೇಜಿ’ಯನ್ನು ಬರೆದ ನೆಲ್ಸನ್‌ಗೆ ಗೀತರಚನಕಾರನೆಂಬ ಹೆಸರು ಬಂದಿತ್ತೇ ಹೊರತು, ಹಾಡುಗಾರನಾಗಿ ಆ ಪದ್ಧತಿಯೊಳಗೆ ಅವರ ದನಿಗೆ ಜಾಗ ಸಿಗಲಿಲ್ಲ. 1970ರ ದಶಕದ ಆರಂಭದಲ್ಲಿ ಅವರು ಟೆಕ್ಸಾಸ್‌ಗೆ ಮರಳಿ ಆಸ್ಟಿನ್ನಿನಲ್ಲಿ ನೆಲೆಸಿದರು. ಕೊಲಂಬಿಯಾದ ಜೊತೆಗಿನ ಒಪ್ಪಂದದಲ್ಲಿ ಸಂಗೀತದ ವಿಷಯದಲ್ಲಿ ತಮ್ಮದೇ ಕೊನೆಯ ಮಾತು ಎಂಬ ಷರತ್ತನ್ನು ಬರೆಸಿಕೊಂಡಿದ್ದರಿಂದಲೇ, ಅಧಿಕಾರಿಗಳು ಮೂಗು ಮುರಿದರೂ ಈ ಆಲ್ಬಮ್ ಇದ್ದ ಹಾಗೆಯೇ ಹೊರಬಂದಿತು.

ಧ್ವನಿಮುದ್ರಣ ನಡೆದದ್ದು 1975ರ ಜನವರಿಯಲ್ಲಿ, ಟೆಕ್ಸಾಸ್‌ನ ಗಾರ್ಲೆಂಡ್ ಊರಿನ ಆಟಮ್ ಸೌಂಡ್ ಸ್ಟುಡಿಯೊದಲ್ಲಿ. ಖರ್ಚಾದದ್ದು ಸುಮಾರು 4,000 ಡಾಲರ್. ಪಿಯಾನೊ ನುಡಿಸಿದವರು ಅಕ್ಕ ಬಾಬಿ ನೆಲ್ಸನ್. ಮೌತ್ ಆರ್ಗನ್ ಮಿಕ್ಕಿ ರಾಫೆಲ್ ಅವರದು. ‘ಬ್ಲೂ ಐಸ್ ಕ್ರೈಯಿಂಗ್ ಇನ್ ದಿ ರೇನ್’ ಹಾಡನ್ನು ಕಿವಿಗೊಟ್ಟು ಕೇಳಿರಿ. ನೈಲಾನ್ ತಂತಿಯ ಗಿಟಾರು ಲಯವನ್ನು ಹಿಡಿದು ನಡೆಯುತ್ತಿರುತ್ತದೆ. ದನಿ ಮಾತ್ರ ತಾಳದ ಪೆಟ್ಟಿಗೆ ಸರಿಯಾಗಿ ಬೀಳದೆ ಕೂದಲೆಳೆಯಷ್ಟು ಹಿಂದೆ ಉಳಿದು, ಸಾಲಿನ ಕೊನೆಗೆ ಬಂದು ಕೂಡಿಕೊಳ್ಳುತ್ತದೆ. ಹಿಂದೆ ಪಿಟೀಲುಗಳ ಗದ್ದಲವಿದ್ದಿದ್ದರೆ ಆ ಕೂದಲೆಳೆಯ ಅಂತರ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಏಕತಾರಿ ಮತ್ತು ದಮ್ಮಡಿಯ ಜೊತೆ ಶರೀಫರ ತತ್ವಪದ ಕೇಳಿದ ನಮ್ಮ ಕಡೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಫ್ರೆಡ್ ರೋಸ್ 1940ರ ದಶಕದಲ್ಲಿ ಬರೆದಿದ್ದ ಈ ಹಳೆಯ ಹಾಡೇ ಕೇಳುಗರನ್ನು ಆಲ್ಬಮ್ಮಿನತ್ತ ಎಳೆದು ತಂದಿತು. ಹಾಡುಗಾರನಾಗಿ ನೆಲ್ಸನ್ ಕಂಟ್ರಿ ಪಟ್ಟಿಯ ಮೊದಲ ಸ್ಥಾನ ಕಂಡದ್ದು ಇದರಿಂದಲೇ, ಅದೂ ನಲವತ್ತೆರಡನೆಯ ವಯಸ್ಸಿನಲ್ಲಿ. ಗ್ರ್ಯಾಮಿ ಪ್ರಶಸ್ತಿಯೂ ಬಂದಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ 2009ರ ಪಟ್ಟಿಯಲ್ಲಿ ಈ ಆಲ್ಬಮ್ಮನ್ನು ಸೇರಿಸಿತು.

ಉತ್ತರ 2 (ಧಾರವಾಡದಿಂದ)

ಸಾಹಿತ್ಯವಿಲ್ಲದ ತುಣುಕುಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ‘ಜಸ್ಟ್ ಆ್ಯಸ್ ಐ ಆ್ಯಮ್’ ಎಂಬುದು ಹಳೆಯ ಕ್ರೈಸ್ತ ಕೀರ್ತನೆಯ ಧಾಟಿ. ಚರ್ಚಿನಲ್ಲಿ ಚಿಕ್ಕಂದಿನಿಂದ ಕೇಳಿದ್ದರಿಂದ ಮೊದಲ ಸಾಲಿಗೇ ನನಗೆ ಗುರುತು ಹತ್ತಿತು. ಆಲ್ಬಮ್ಮಿನ ಹಾಡುಗಳೆಲ್ಲ ಸೇರಿ ಒಂದೇ ಕಥೆ ಹೇಳುತ್ತವೆ. ಕಥಾನಾಯಕ ಒಬ್ಬ ಪಾದ್ರಿ, ಕೈಗೆ ರಕ್ತ ಅಂಟಿಸಿಕೊಂಡವನು. ಇದ್ದ ಹಾಗೆಯೇ ನಿನ್ನ ಬಳಿಗೆ ಬರುತ್ತೇನೆ ಎಂದು ದೇವರಿಗೆ ಮೊರೆಯಿಡುವ ಆ ಕೀರ್ತನೆಯನ್ನು ಬಾಯಿಬಿಟ್ಟು ಹಾಡಲು ಅವನಿಗೆ ಸಾಧ್ಯವಾಗುತ್ತಿಲ್ಲ, ಆದ್ದರಿಂದ ವಾದ್ಯದಲ್ಲಷ್ಟೇ ಬಂದಿದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಈ ತುಣುಕುಗಳನ್ನು ಹಾರಿಸಿ ಕೇಳಿದರೆ ಕಥೆಯೇ ಕತ್ತರಿಸಿಹೋಗುತ್ತದೆ.

ಉತ್ತರ 3 (ಗದಗಿನಿಂದ)

ಸಂಗೀತದ ಗುಣವನ್ನು ನಾನೂ ಮನಸಾರೆ ಒಪ್ಪುತ್ತೇನೆ. ಆದರೆ ಮನ್ನಣೆಯ ಮಾತು ಬಂದಾಗ ಕಥೆಯನ್ನು ಬದಿಗಿಡುವುದು ಸರಿಯಲ್ಲ. ಪಾದ್ರಿ ತನ್ನನ್ನು ಬಿಟ್ಟುಹೋದ ಹೆಂಡತಿಯನ್ನೂ ಆಕೆಯ ಪ್ರಿಯಕರನನ್ನೂ ಕೊಲ್ಲುತ್ತಾನೆ. ಮುಂದೆ, ಸತ್ತ ಹೆಂಡತಿಯ ಕುದುರೆಗೆ ಕೈ ಹಚ್ಚಿದಳೆಂದು ಇನ್ನೊಬ್ಬ ಹೆಂಗಸನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ಅವನಿಗೆ ಶಿಕ್ಷೆಯೂ ಇಲ್ಲ. ನಮ್ಮ ‘ಕೆರೆಗೆ ಹಾರ’ವೂ ಕ್ರೂರವಾದ ಕಥೆಯೇ, ಆದರೆ ಅಲ್ಲಿ ಭಾಗೀರಥಿ ತವರಿಗೆ ಹೋಗುತ್ತಾಳೆ, ತಂದೆತಾಯಿಗೆ ಹೇಳಲಾಗದ್ದನ್ನು ಗೆಳತಿಯ ಮುಂದೆ ಹೇಳಿಕೊಳ್ಳುತ್ತಾಳೆ, ಕೇಳುವವರು ಆಕೆಯ ಸಂಕಟದ ಜೊತೆಗೇ ನಡೆಯುತ್ತಾರೆ. ಇಲ್ಲಿ ಸತ್ತ ಇಬ್ಬರು ಹೆಂಗಸರಿಗೂ ಒಂದು ಸಾಲಿನ ಮಾತಿಲ್ಲ. ಇಷ್ಟು ಒಳ್ಳೆಯ ಆಲ್ಬಮ್ಮಿನಲ್ಲಿ ಇದು ನನ್ನನ್ನು ಪ್ರತಿ ಸಲವೂ ನೋಯಿಸುತ್ತದೆ.

ಉತ್ತರ 4 (ಹುಬ್ಬಳ್ಳಿಯಿಂದ, ಮೊದಲು ಬರೆದವರು)

ಗದಗಿನ ಅಕ್ಕನವರ ಆಕ್ಷೇಪಣೆಯಲ್ಲಿ ಹುರುಳಿದೆ, ಅದನ್ನು ಅಲ್ಲಗಳೆಯಲಾರೆ. ದುಃಖವೆಲ್ಲ ಪಾದ್ರಿಯ ಕಡೆಯಿಂದಲೇ ಕೇಳಿಬರುತ್ತದೆ. ‘ಟೈಮ್ ಆಫ್ ದಿ ಪ್ರೀಚರ್’ ಪಲ್ಲವಿ ತುಂಡುತುಂಡಾಗಿ ಮರಳಿ ಬಂದಾಗಲೆಲ್ಲ ನಮ್ಮನ್ನು ಅವನ ತಲೆಯೊಳಗೇ ಕೂಡಿಹಾಕುತ್ತದೆ. ಆದರೂ ಇದೇ ಹಾಡುಗಾರ ಒಂದು ವರ್ಷ ಮೊದಲು, 1974ರಲ್ಲಿ, ‘ಫೇಸಸ್ ಅಂಡ್ ಸ್ಟೇಜಸ್’ ಎಂಬ ಆಲ್ಬಮ್ ಮಾಡಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಅದು ಒಂದು ಸಂಸಾರ ಮುರಿದುಬಿದ್ದ ಕಥೆ: ಮೊದಲ ಬದಿಯಷ್ಟೂ ಹೆಂಡತಿಯ ಮಾತು, ಎರಡನೆಯ ಬದಿಯಷ್ಟೂ ಗಂಡನ ಮಾತು. ಅದನ್ನು ಹೊರತಂದ ಅಟ್ಲಾಂಟಿಕ್ ಕಂಪನಿ ಅದೇ ವರ್ಷ ತನ್ನ ಕಂಟ್ರಿ ವಿಭಾಗವನ್ನು ಮುಚ್ಚಿತು, ನೆಲ್ಸನ್ ಕೊಲಂಬಿಯಾಕ್ಕೆ ಬಂದರು. ನನ್ನ ಮಟ್ಟಿಗೆ ಆ ಮೊದಲ ಬದಿಗೆ ಇದಕ್ಕಿಂತ ಹೆಚ್ಚಿನ ಮನ್ನಣೆ ಸಲ್ಲಬೇಕಾಗಿತ್ತು. ಪ್ರಶ್ನೆ ಕೇಳಿದ ಧಾರವಾಡದ ಸರ್ ಎರಡನ್ನೂ ಬೆನ್ನಿಗೆ ಬೆನ್ನು ಕೇಳಿ, ತಮ್ಮ ಅಭಿಪ್ರಾಯ ಬರೆಯಬೇಕು.