ಪ್ರಶ್ನೋತ್ತರ: ಪೇಪರ್ ಓದದವರ ಹೆಸರು, ಎರಡು ಜರ್ನಲ್‌ಗೆ ಒಂದೇ ಪೇಪರ್

ಪ್ರಶ್ನೆ (ಪಿಎಚ್‌ಡಿ ವಿದ್ಯಾರ್ಥಿನಿ):
ಮೇಡಂ, ನಮಸ್ಕಾರ. ನನ್ನ ಪಿಎಚ್‌ಡಿ ಕೊನೆಯ ಹಂತದಲ್ಲಿದೆ, ಪೇಪರ್ ಒಂದು ಸಿದ್ಧವಾಗಿದೆ. ಪ್ರಯೋಗ, ಲೆಕ್ಕ, ಬರವಣಿಗೆ ಎಲ್ಲಾ ನಂದೇ. ಗೈಡ್ ಚೆನ್ನಾಗಿ ತಿದ್ದಿಕೊಟ್ಟಿದ್ದಾರೆ. ಈಗ ಅವರು ವಿಭಾಗದ ಮುಖ್ಯಸ್ಥರ ಹೆಸರನ್ನೂ ಸೇರಿಸು ಅನ್ನುತ್ತಿದ್ದಾರೆ. ಮುಖ್ಯಸ್ಥರು ಪೇಪರ್ ಓದಿಯೂ ಇಲ್ಲ. ಇನ್ನೊಂದು ವಿಷಯ. ಒಂದೇ ಜರ್ನಲ್‌ಗೆ ಕಳಿಸಿ ಕಾಯುತ್ತಾ ಕೂತರೆ ವರ್ಷವೇ ಹೋಗುತ್ತದೆ, ಎರಡಕ್ಕೂ ಕಳಿಸಿಬಿಡು, ಯಾರು ಮೊದಲು ಒಪ್ಪುತ್ತಾರೋ ಅಲ್ಲಿ ಹಾಕಿಸೋಣ ಅಂತಾರೆ. ಎಲ್ಲರೂ ಮಾಡೋದೇ ಇದು ಅಂತೆ. ಇದು ನಿಜವಾಗಿಯೂ ತಪ್ಪಾ, ಸುಮ್ನೆ ಕಾಗದದ ಮೇಲಿನ ನಿಯಮವಾ?

ಉತ್ತರ (ಜರ್ನಲ್ ಎಡಿಟರ್):
ನಮಸ್ಕಾರ. ಎರಡನೆಯದನ್ನೇ ಮೊದಲು ಮುಗಿಸುತ್ತೇನೆ, ಅದರಲ್ಲಿ ಗೊಂದಲ ಕಡಿಮೆ.

ಪೇಪರ್ ಕಳಿಸುವಾಗ ಫಾರ್ಮ್‌ನಲ್ಲಿ ಒಂದು ಚೌಕ ಇರುತ್ತದೆ: ‘ಈ ಪೇಪರ್ ಬೇರೆಲ್ಲೂ ಪರಿಶೀಲನೆಯಲ್ಲಿ ಇಲ್ಲ.’ ಅದಕ್ಕೆ ಟಿಕ್ ಹಾಕದೆ ಮುಂದಿನ ಪುಟವೇ ತೆರೆಯುವುದಿಲ್ಲ. ಎರಡು ಕಡೆ ಕಳಿಸಿದರೆ ಎರಡು ಕಡೆಯೂ ನಿಮ್ಮ ಹೆಸರಲ್ಲಿ ಬರಹದ ಸುಳ್ಳು ಉಳಿಯುತ್ತದೆ. ಸಿಕ್ಕಿಬೀಳೋದೂ ಸುಲಭ. ನಿಮ್ಮ ವಿಷಯದಲ್ಲಿ ರಿವ್ಯೂ ಮಾಡಬಲ್ಲವರು ಎಷ್ಟು ಜನ ಇದ್ದಾರು? ಇಬ್ಬರು ಎಡಿಟರ್‌ಗಳೂ ಅದೇ ತಜ್ಞರಿಗೆ ಬರೆಯುತ್ತೇವೆ. ಆಗ ಅವರಿಂದ ‘ಇದೇ ಪೇಪರ್ ನನ್ನ ಹತ್ತಿರ ಈಗಾಗಲೇ ಇದೆಯಲ್ಲ’ ಅಂತ ಉತ್ತರ ಬರುತ್ತದೆ. ಅಲ್ಲಿಗೆ ಎರಡೂ ಕಡೆ ಬಾಗಿಲು ಮುಚ್ಚಿತು.

ಅಕಸ್ಮಾತ್ ಎರಡು ಕಡೆಯೂ ಅಚ್ಚಾದರೆ ತೊಂದರೆ ಇನ್ನೂ ದೊಡ್ಡದು. ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಔಷಧದ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿದವರು 1997ರಲ್ಲಿ ಒಂದು ವಿಷಯ ತೋರಿಸಿದರು. ಕೆಲವು ಅಧ್ಯಯನಗಳು ಹೇಳದೆ ಕೇಳದೆ ಎರಡೆರಡು ಸಲ ಪ್ರಕಟವಾಗಿದ್ದವು. ಅದೇ ರೋಗಿಗಳು ಮತ್ತೆ ಮತ್ತೆ ಲೆಕ್ಕಕ್ಕೆ ಬಂದದ್ದರಿಂದ ಔಷಧದ ಪರಿಣಾಮ 23% ಜಾಸ್ತಿ ಕಾಣಿಸುತ್ತಿತ್ತು. ವೈದ್ಯರು ಔಷಧ ಬರೆಯೋದು ಇಂಥ ಲೆಕ್ಕಗಳನ್ನು ನಂಬಿಯೇ ಅಲ್ವಾ?

ಕಾದು ಸಾಕಾಗಿದ್ದರೆ ದಾರಿ ಇದೆ. ಪೇಪರ್ ಯಾವ ಹಂತದಲ್ಲಿದೆ ಅಂತ ಎಡಿಟರ್‌ಗೆ ಬರೆದು ಕೇಳಿ. ಹಾಗೆ ಕೇಳಿದರೆ ನಮಗೆ ಬೇಜಾರಿಲ್ಲ. ಆಗಲೂ ಅಲುಗಾಡದಿದ್ದರೆ ‘ವಾಪಸ್ ಪಡೆಯುತ್ತೇನೆ’ ಅಂತ ಬರೆಯಿರಿ. ಅವರಿಂದ ‘ಆಯಿತು’ ಅಂತ ಲಿಖಿತವಾಗಿ ಬಂದ ಮೇಲೆ ಇನ್ನೊಂದು ಕಡೆ ಕಳಿಸಿ. ಪ್ರಿಪ್ರಿಂಟ್ ಸರ್ವರ್‌ಗೆ, ಅಂದರೆ ರಿವ್ಯೂಗೆ ಮೊದಲೇ ಪೇಪರನ್ನು ಎಲ್ಲರೂ ಓದಲು ಇಡುವ ಜಾಲತಾಣಕ್ಕೆ, ಹಾಕೋದು ಬೇರೆ ವಿಷಯ. ಹೆಚ್ಚಿನ ಜರ್ನಲ್‌ಗಳು ಅದನ್ನು ಒಪ್ಪುತ್ತವೆ, ಆದರೂ ನಿಮ್ಮ ಜರ್ನಲ್‌ನ ನಿಯಮ ಒಮ್ಮೆ ನೋಡಿಕೊಳ್ಳಿ.

ಈಗ ಹೆಸರಿನ ವಿಷಯ. ವೈದ್ಯಕೀಯ ಜರ್ನಲ್ ಎಡಿಟರ್‌ಗಳ ಅಂತರರಾಷ್ಟ್ರೀಯ ಸಮಿತಿ ಐಸಿಎಂಜೆಇ. ಇದರ ಮೂಲ 1978ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದ ಎಡಿಟರ್‌ಗಳ ಸಣ್ಣ ಗುಂಪು. ಆಥರ್ ಅನ್ನಿಸಿಕೊಳ್ಳಲು ಅದು ನಾಲ್ಕು ಷರತ್ತು ಹಾಕಿದೆ. ಕೆಲಸದ ಯೋಚನೆಯಲ್ಲೋ ಡೇಟಾದಲ್ಲೋ ಗಟ್ಟಿಯಾದ ಪಾಲು ಇರಬೇಕು. ಬರೆದಿರಬೇಕು, ಇಲ್ಲವೇ ವಿಷಯ ಹಿಡಿದು ತಿದ್ದಿರಬೇಕು. ಕೊನೆಯ ಪ್ರತಿ ಓದಿ ಒಪ್ಪಿರಬೇಕು. ನಾಳೆ ಪ್ರಶ್ನೆ ಎದ್ದರೆ ಉತ್ತರ ಹೇಳಲು ಸಿದ್ಧರಿರಬೇಕು. ನಾಲ್ಕೂ ಬೇಕು, ಯಾವುದೋ ಒಂದಿದ್ದರೆ ಸಾಲದು. ವಿಭಾಗ ನಡೆಸುವುದು, ಹಣ ತಂದುಕೊಡುವುದು, ಯಂತ್ರ ಬಳಸಲು ಬಿಡುವುದು ಇವಕ್ಕೆಲ್ಲ ಕೊನೆಯಲ್ಲಿ ಕೃತಜ್ಞತೆಯ ಸಾಲು ಇದೆ.

ನಾಲ್ಕನೆಯ ಷರತ್ತು ಸೇರಿದ್ದು 2013ರಲ್ಲಿ. ಅದು ಯಾಕೆ ಬೇಕು ಅನ್ನೋದು 2020ರಲ್ಲಿ ಕೊರೊನಾ ಸಮಯದಲ್ಲಿ ಎಲ್ಲರಿಗೂ ಕಂಡಿತು. ಸರ್ಜಿಸ್ಫಿಯರ್ ಅನ್ನುವ ಕಂಪನಿಯ ಡೇಟಾ ನಂಬಿ ಬರೆದ ಎರಡು ಪೇಪರ್‌ಗಳು ಬಂದವು. ಒಂದು ದ ಲ್ಯಾನ್ಸೆಟ್‌ನಲ್ಲಿ, ಇನ್ನೊಂದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ. ಲ್ಯಾನ್ಸೆಟ್ ಪೇಪರ್ ನೋಡಿ, ಕೊರೊನಾಕ್ಕೆ ಕೊಟ್ಟು ನೋಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧದ ಪರೀಕ್ಷೆಗಳನ್ನೇ ಕೆಲವು ಕಡೆ ತಡೆಹಿಡಿದರು. ಆಮೇಲೆ ಡೇಟಾ ತೋರಿಸಿ ಅಂತ ಕೇಳಿದಾಗ ಏನು ಗೊತ್ತಾಯಿತು? ಕಂಪನಿಯ ಹೊರಗಿನ ಸಹ ಆಥರ್‌ಗಳೇ ಮೂಲ ಡೇಟಾ ನೋಡಿರಲಿಲ್ಲ. ಜೂನ್ 4ರಂದು ಒಂದೇ ದಿನ ಎರಡೂ ವಾಪಸ್ ಆದವು. ನಿಮ್ಮ ಮುಖ್ಯಸ್ಥರಿಗೆ ಇದು ಗೊತ್ತಿದ್ದರೆ ಓದದ ಪೇಪರ್‌ಗೆ ಹೆಸರು ಕೊಡಲು ಅವರೇ ಯೋಚಿಸಿಯಾರು.

ಗೈಡ್ ಹತ್ತಿರ ‘ಇದು ಅನೈತಿಕ’ ಅಂತ ಶುರು ಮಾಡಬೇಡಿ. ಮಾತು ಅಲ್ಲೇ ಕೆಡುತ್ತದೆ. ಜರ್ನಲ್‌ನ ಕೊಡುಗೆ ಫಾರ್ಮ್ ತೆರೆದು ಮುಂದಿಡಿ. ಈಗ ಬಹಳ ಜರ್ನಲ್‌ಗಳು ಕ್ರೆಡಿಟ್ ಪಟ್ಟಿ ಬಳಸುತ್ತವೆ. ಅದರಲ್ಲಿ 14 ಪಾತ್ರಗಳಿವೆ: ಯೋಚನೆ, ಡೇಟಾ ಜೋಡಣೆ, ಸಾಫ್ಟ್‌ವೇರ್, ಮೊದಲ ಕರಡು, ತಿದ್ದುವಿಕೆ, ಹೀಗೆ. ‘ಸರ್, ಮುಖ್ಯಸ್ಥರ ಹೆಸರಿನ ಮುಂದೆ ಯಾವುದನ್ನು ಬರೆಯಲಿ?’ ಅಂತ ಕೇಳಿ. ಪ್ರಶ್ನೆ ನೀವಲ್ಲ, ಫಾರ್ಮ್ ಕೇಳಿದ ಹಾಗಾಗುತ್ತದೆ. ಪ್ರಯೋಗದ ಯೋಜನೆಯಲ್ಲಿ ಮುಖ್ಯಸ್ಥರ ಪಾಲು ನಿಜವಾಗಿ ಇದ್ದಿದ್ದರೆ ಪೇಪರ್ ಓದಿ ತಿದ್ದುವ ಅವಕಾಶ ಅವರಿಗೆ ಕೊಡಲೇಬೇಕು. ಅದನ್ನೂ ಐಸಿಎಂಜೆಇ ನಿಯಮವೇ ಹೇಳುತ್ತದೆ.

(ಜನ ಜಾಸ್ತಿ ಇದ್ದ ಮಾತ್ರಕ್ಕೆ ತಪ್ಪಲ್ಲ. ಹಿಗ್ಸ್ ಕಣದ ತೂಕ ಅಳೆದ 2015ರ ಪೇಪರ್‌ಗೆ 5,154 ಆಥರ್‌ಗಳು!)

ಪ್ರಶ್ನೆ (ಅದೇ ವಿದ್ಯಾರ್ಥಿನಿ):
ಇಷ್ಟಾದರೂ ಗೈಡ್ ಒಪ್ಪದಿದ್ದರೆ? ಜರ್ನಲ್‌ಗೆ ಬರೆದರೆ ನೀವು ಹೆಸರು ತೆಗೆಸುತ್ತೀರಾ?

ಉತ್ತರ:
ಇಲ್ಲ. ಇದನ್ನು ಮೊದಲೇ ತಿಳಿದುಕೊಳ್ಳೋದು ಒಳ್ಳೆಯದು. ಲ್ಯಾಬ್‌ನಲ್ಲಿ ಯಾರು ಏನು ಮಾಡಿದರು ಅಂತ ನಾನು ಕಂಡಿಲ್ಲ, ಹಾಗಾಗಿ ತೀರ್ಪು ಕೊಡಲು ಆಗುವುದಿಲ್ಲ. ಪ್ರಕಟಣಾ ನೀತಿಯ ಸಮಿತಿ ‘ಕೋಪ್’ 1997ರಿಂದ ಎಡಿಟರ್‌ಗಳಿಗೆ ದಾರಿ ತೋರಿಸುತ್ತಿದೆ. ಹೆಸರಿನ ಜಗಳವನ್ನು ಸಂಸ್ಥೆಯೇ ಬಗೆಹರಿಸಬೇಕು ಅನ್ನೋದು ಅದರ ನಿಲುವು. ದೂರು ಬಂದರೆ ನಾವು ಪೇಪರ್ ಅಲ್ಲೇ ನಿಲ್ಲಿಸಿ ಸಂಸ್ಥೆಗೆ ಬರೆಯುತ್ತೇವೆ. ಕಳಿಸಿದ ಮೇಲೆ ಒಂದು ಹೆಸರು ಸೇರಿಸಲಿ, ತೆಗೆಯಲಿ, ಎಲ್ಲಾ ಆಥರ್‌ಗಳ ಒಪ್ಪಿಗೆ ಬರಹದಲ್ಲಿ ಬೇಕು. ಆ ಪತ್ರಗಳು ಓಡಾಡುವಷ್ಟರಲ್ಲಿ ನಿಮ್ಮ ಡಿಗ್ರಿಯ ಗಡುವು ಹತ್ತಿರ ಬಂದಿರುತ್ತದೆ.

‘ಧೈರ್ಯವಾಗಿ ಇಲ್ಲ ಅಂತ ಹೇಳಿ’ ಅಂತ ನಾನು ಹೇಳಲಾರೆ. ಡಿಗ್ರಿ ಗೈಡ್ ಸಹಿಯಲ್ಲಿದೆ, ನನ್ನ ಸಹಿಯಲ್ಲಿ ಅಲ್ಲ. ಕರಡುಗಳನ್ನು ತಾರೀಖಿನ ಸಮೇತ ಇಟ್ಟುಕೊಳ್ಳಿ. ಬಾಯಲ್ಲಿ ಆದ ಮಾತನ್ನು ‘ಇವತ್ತು ಹೀಗೆ ಮಾತಾಡಿದೆವು’ ಅಂತ ಎರಡು ಸಾಲಿನ ಮೇಲ್ ಮಾಡಿ. ಸಂಸ್ಥೆಯಲ್ಲಿ ಸಂಶೋಧನಾ ನೀತಿ ನೋಡಿಕೊಳ್ಳುವವರು ಇದ್ದರೆ ದೂರು ಕೊಡದೆ, ಸಲಹೆ ಅಂತ ಕೇಳಿ. ಕೊನೆಗೂ ಹೆಸರು ಉಳಿದರೆ ಫಾರ್ಮ್‌ನಲ್ಲಿ ಅವರು ಮಾಡದ ಕೆಲಸವನ್ನು ನಿಮ್ಮ ಕೈಯಿಂದ ಬರೆಯಬೇಡಿ. ಗೈಡ್ ಬರೆಯಲಿ.

ಇನ್ನೊಬ್ಬ ಸದಸ್ಯರು:
ಕಾಪಿ ಹುಡುಕುವ ಸಾಫ್ಟ್‌ವೇರ್ ರಿಪೋರ್ಟ್‌ನಲ್ಲಿ ಸಾಮ್ಯತೆ ಎಷ್ಟು ಪರ್ಸೆಂಟ್ ಇದ್ದರೆ ಪಾಸು ಮೇಡಂ? ನನ್ನದು 24 ತೋರಿಸುತ್ತಿದೆ.

ಉತ್ತರ:
ಆ ಸಂಖ್ಯೆ ನೋಡಿ ಪಾಸು ಫೇಲು ಮಾಡುವ ಎಡಿಟರ್ ಇದ್ದರೆ ಅವರು ರಿಪೋರ್ಟ್ ಓದುತ್ತಿಲ್ಲ ಅಂತ ಅರ್ಥ. ನಾನು ಬಣ್ಣ ಬಳಿದ ಸಾಲುಗಳನ್ನು ಓದುತ್ತೇನೆ. ವಿಧಾನದ ಭಾಗದಲ್ಲಿ ‘ಮಾದರಿಗಳನ್ನು ಇಷ್ಟು ಉಷ್ಣತೆಯಲ್ಲಿ ಇಟ್ಟು’ ಅನ್ನೋ ಸಾಲು, ಸಂಸ್ಥೆಯ ವಿಳಾಸ, ಗ್ರಂಥಸೂಚಿ ಇವೆಲ್ಲ ಸೇರಿ 30 ಆದರೂ ಚಿಂತೆಯಿಲ್ಲ. ಚರ್ಚೆಯ ಭಾಗದಲ್ಲಿ ಒಂದು ಪ್ಯಾರಾ ಪೂರ್ತಿ ಬೇರೆಯವರದ್ದಾಗಿದ್ದು, ಅವರ ಹೆಸರೇ ಇಲ್ಲದಿದ್ದರೆ 4 ಇದ್ದರೂ ಅದು ಕೃತಿಚೌರ್ಯ. ಪದ ಬದಲಿಸುವ ಸಾಫ್ಟ್‌ವೇರ್‌ಗೆ ಹಾಕಿ ಸಂಖ್ಯೆ ಇಳಿಸುವ ಚಟ ಇದೆಯಲ್ಲ, ಅದು ಇನ್ನೂ ಕೆಟ್ಟದ್ದು. ಆ ವಾಕ್ಯಗಳು ಓದುವಾಗಲೇ ವಿಚಿತ್ರವಾಗಿರುತ್ತವೆ, ದೂರದಿಂದಲೇ ಗೊತ್ತಾಗುತ್ತದೆ.

ಇನ್ನೊಬ್ಬ ಸದಸ್ಯರು:
ರಿವ್ಯೂವರ್ ಹೆಸರು ಸೂಚಿಸಿ ಅಂತ ಜರ್ನಲ್ಲೇ ಕೇಳುತ್ತದೆ. ಪರಿಚಯದವರನ್ನು ಹಾಕಬಹುದಾ?

ಉತ್ತರ:
ವಿಷಯ ಬಲ್ಲವರನ್ನು ಹಾಕಿ. ನಿಮ್ಮ ಸಂಸ್ಥೆಯವರು, ಹಳೇ ಗೈಡ್, ಇತ್ತೀಚೆಗೆ ಜೊತೆಗೆ ಪೇಪರ್ ಬರೆದವರು ಬೇಡ. ಅವರ ಕಚೇರಿಯ ಮೇಲ್ ವಿಳಾಸವನ್ನೇ ಕೊಡಿ. ತಜ್ಞರ ಹೆಸರು ಹಾಕಿ ಪಕ್ಕದಲ್ಲಿ ತಾವೇ ಹುಟ್ಟಿಸಿದ ಮೇಲ್ ಕೊಟ್ಟು, ತಮ್ಮ ಪೇಪರ್‌ಗೆ ತಾವೇ ಹೊಗಳಿಕೆ ಬರೆದುಕೊಂಡವರಿದ್ದಾರೆ. 2014ರಲ್ಲಿ ಕಂಪನದ ಬಗೆಗಿನ ಒಂದೇ ಜರ್ನಲ್‌ನಿಂದ ಇದೇ ಕಾರಣಕ್ಕೆ 60 ಪೇಪರ್ ವಾಪಸ್ ತೆಗೆದರು. ಆಮೇಲಿಂದ ನಾವು ಪ್ರತಿ ವಿಳಾಸವನ್ನೂ ಹುಡುಕಿ ನೋಡುತ್ತೇವೆ.

ಇನ್ನೊಬ್ಬ ಸದಸ್ಯರು:
ಚಾಟ್‌ಜಿಪಿಟಿಯಿಂದ ಭಾಷೆ ತಿದ್ದಿಸಿದರೆ ತಪ್ಪಾ?

ಉತ್ತರ:
ಜರ್ನಲ್‌ನ ನಿಯಮ ನೋಡಿ, ಬಳಸಿದ್ದನ್ನು ಹೇಳಿ. ಆಥರ್ ಪಟ್ಟಿಯಲ್ಲಿ ಮಾತ್ರ ಹಾಕಬೇಡಿ. ಉತ್ತರ ಹೇಳುವ ಹೊಣೆ ಸಾಫ್ಟ್‌ವೇರ್‌ಗೆ ಇಲ್ಲ ಅಂತ ಕೋಪ್ 2023ರಲ್ಲೇ ಹೇಳಿದೆ. ಅದು ಕೊಟ್ಟ ಆಕರಗಳನ್ನು ಒಂದೊಂದಾಗಿ ತೆರೆದು ನೋಡಿ. ಇಲ್ಲದ ಪೇಪರ್‌ಗಳನ್ನೂ ಅದು ಹುಟ್ಟಿಸುತ್ತದೆ. ನೀವು ರಿವ್ಯೂವರ್ ಆಗಿದ್ದರೆ ಬೇರೆಯವರ ಅಪ್ರಕಟಿತ ಪೇಪರ್ ಅದಕ್ಕೆ ಹಾಕಲೇಬಾರದು. ಅದು ನಿಮ್ಮನ್ನು ನಂಬಿ ಗುಟ್ಟಾಗಿ ಕೊಟ್ಟದ್ದು.

ಇನ್ನೊಬ್ಬ ಸದಸ್ಯರು:
ಪ್ರಕಟವಾದ ನಮ್ಮ ಪೇಪರ್‌ನ ಒಂದು ಟೇಬಲ್‌ನಲ್ಲಿ ತಪ್ಪು ಕಂಡಿದೆ. ಹೇಳಿದರೆ ರಿಟ್ರ್ಯಾಕ್ಟ್ ಮಾಡಿ, ಅಂದರೆ ಪೇಪರನ್ನೇ ವಾಪಸ್ ತೆಗೆದು, ಹೆಸರು ಕೆಡಿಸುತ್ತಾರಾ?

ಉತ್ತರ:
ಟೇಬಲ್ ತಿದ್ದಿದ ಮೇಲೂ ತೀರ್ಮಾನ ನಿಲ್ಲುತ್ತದೆಯಾ? ನಿಂತರೆ ತಿದ್ದುಪಡಿ ಸಾಕು. ತೀರ್ಮಾನವೇ ಬಿದ್ದರೆ ರಿಟ್ರ್ಯಾಕ್ಷನ್ ಆಗಬೇಕು. ತಾವೇ ಬಂದು ಹೇಳಿದವರನ್ನೂ ಸಿಕ್ಕಿಬಿದ್ದವರನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಫ್ರಾನ್ಸಿಸ್ ಅರ್ನಾಲ್ಡ್ 2020ರ ಜನವರಿಯಲ್ಲಿ ಸೈನ್ಸ್ ಜರ್ನಲ್‌ನಲ್ಲಿದ್ದ ತಮ್ಮ ಪೇಪರ್ ವಾಪಸ್ ತೆಗೆದುಕೊಂಡರು. ಫಲಿತಾಂಶ ಮತ್ತೆ ಬರಲಿಲ್ಲ ಅಂತ ಟ್ವಿಟರ್‌ನಲ್ಲಿ ತಾವೇ ಹಾಕಿದರು. ಜನ ಮೆಚ್ಚಿದರು.

ಇನ್ನೊಂದು ತುದಿಯಲ್ಲಿ ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಪೇಪರ್ ಇದೆ. 12 ಮಕ್ಕಳ ಮೇಲಿನ ಆ ಪೇಪರ್ ಲ್ಯಾನ್ಸೆಟ್‌ನಲ್ಲಿ ಬಂದದ್ದು 1998ರಲ್ಲಿ, ಪೂರ್ತಿಯಾಗಿ ವಾಪಸ್ ಆದದ್ದು 2010ರಲ್ಲಿ. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿತ್ತು.

ಹಾಗಾಗಿ ಮೊದಲು ಸಹ ಆಥರ್‌ಗಳಿಗೆ ತಿಳಿಸಿ. ಆಮೇಲೆ ಎಡಿಟರ್‌ಗೆ ಒಂದು ಪುಟದ ಪತ್ರ: ಯಾವ ಟೇಬಲ್, ಹಳೇ ಅಂಕಿ, ಸರಿಯಾದ ಅಂಕಿ, ತಪ್ಪು ಹೇಗೆ ಆಯಿತು, ತೀರ್ಮಾನ ಬದಲಾಗುತ್ತದೆಯೇ. ಪ್ರಕಟಣೆಯಲ್ಲಿ ಕಾರಣವನ್ನೂ ಹಾಕಿ ಅಂತ ನೀವೇ ಕೇಳಿಕೊಳ್ಳಿ. ಕಾರಣ ಹೇಳದೆ ಬರುವ ರಿಟ್ರ್ಯಾಕ್ಷನ್ ನೋಟಿಸ್ ನೋಡಿದರೆ ಓದುವವರು ಮೋಸವೇ ಇರಬೇಕು ಅಂದುಕೊಳ್ಳುತ್ತಾರೆ.